ವರ್ಮ್ ಫೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ? ದಬ್ಬೆ ಬೇಲಿ? ಡೊಂಕುಬೇಲಿ?

ಗೆಳೆಯರೇ, ಅಮೆರಿಕದ ವರ್ಜಿನಿಯಾ ಕಡೆಯ ಹಳೇ ಹೊಲಗದ್ದೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಪುಟಕ್ಕೂ ಬರುವ ಒಂದು ಬೇಲಿಗೆ ಪದ ಬೇಕಾಗಿದೆ. ಇಂಗ್ಲಿಷಿನಲ್ಲಿ ವರ್ಮ್ ಫೆನ್ಸ್, ಸ್ನೇಕ್ ಫೆನ್ಸ್, ವರ್ಜಿನಿಯಾ ಫೆನ್ಸ್ ಅಂತೆಲ್ಲ ಹೆಸರಿದೆ.

ಮರದ ದಿಮ್ಮಿಗೆ ಬೆಣೆ ಇಟ್ಟು, ಕೊಡತಿಯಿಂದ ಹೊಡೆದು ಉದ್ದಕ್ಕೆ ಸೀಳುತ್ತಾರೆ. ಒಂದೊಂದು ಸೀಳೂ ಸುಮಾರು 10-11 ಅಡಿ. ಅವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿಟ್ಟು, ತುದಿಗಳು ಹೆಣೆದ ಬೆರಳುಗಳ ಹಾಗೆ ಒಂದರ ಮೇಲೊಂದು ಕೂರುವಂತೆ ಏಳೆಂಟು ಸಾಲು ಪೇರಿಸುತ್ತಾರೆ. ಗೂಟವಿಲ್ಲ, ಮೊಳೆಯಿಲ್ಲ, ಗುಂಡಿ ತೋಡುವ ಕೆಲಸವೂ ಇಲ್ಲ. ಡೊಂಕೇ ಅದನ್ನು ನಿಲ್ಲಿಸುವುದು. ನೇರವಾಗಿ ಪೇರಿಸಿದ್ದರೆ ದನ ಮೈ ಉಜ್ಜಿದರೂ ಉರುಳುತ್ತಿತ್ತು. ಕೆಳಗಿನ ಮರ ಮಣ್ಣು ತಾಗಿ ಕುಂಬಾಗದಿರಲಿ ಅಂತ ಮೂಲೆಗಳಡಿ ಚಪ್ಪಟೆ ಕಲ್ಲು ಇಡುವುದೂ ಉಂಟು. ಕಲ್ಲುನೆಲ, ಆಗಷ್ಟೇ ಕಡಿದ ಕಾಡು, ಬೇಕಾದಷ್ಟು ಮರ ಇರುವ ಕಡೆ ಇದಕ್ಕಿಂತ ಒಳ್ಳೇ ಬೇಲಿ ಇಲ್ಲ, ಬಿಚ್ಚಿ ಇನ್ನೊಂದು ಹೊಲಕ್ಕೂ ಸಾಗಿಸಬಹುದು. ಮರ, ಜಾಗ ಮಾತ್ರ ಜಾಸ್ತಿ ಬೇಕು. ಈ ಬೇಲಿ ಹಿಂದೆ ಸರಿದದ್ದಕ್ಕೂ ಕಾರಣಗಳಿವೆ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ಅಮೆರಿಕದ ರೈತನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿತು. ಇಂಥ ಬೇಲಿಗೆ ಬಳಸುತ್ತಿದ್ದ, ನೆಟ್ಟಗೆ ಸೀಳುವ, ಬೇಗ ಕೊಳೆಯದ ಚೆಸ್ಟ್‌ನಟ್ ಮರಕ್ಕೆ 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ರೋಗ ಕೆಲವೇ ದಶಕಗಳಲ್ಲಿ ಆ ಕಾಡುಗಳನ್ನೇ ಬರಿದು ಮಾಡಿತು.

ಈಗ ಪದದ ವಿಷಯ. 'ಹಾವುಬೇಲಿ' ನನಗೆ ಒಪ್ಪಿಗೆಯಿಲ್ಲ. ಆನೆ ಕಂದಕ ಅಂದರೆ ಆನೆ ತಡೆಯುವ ಕಂದಕ, ಅಲ್ವಾ? ಹಾಗೇ ಇದೂ ಹಾವು ಬಾರದಿರಲಿ ಅಂತ ಹಾಕಿದ್ದು ಅಂದುಕೊಳ್ಳುತ್ತಾರೆ. 'ಅಂಕುಡೊಂಕು ಬೇಲಿ' ಅಂದರೆ ಕಟ್ಟಲು ಬಾರದವರು ಕಟ್ಟಿದ್ದು ಅನ್ನಿಸುತ್ತದೆ. 'ಡೊಂಕುಬೇಲಿ' ಪರವಾಗಿಲ್ಲ. ಕುಡಿದು ತೂರಾಡುತ್ತಾ ನಡೆಯುವುದಕ್ಕೆ ಅಲ್ಲಿ ಹಿಂದೆ 'ವರ್ಜಿನಿಯಾ ಬೇಲಿ ಹಾಕುವುದು' ಅನ್ನುತ್ತಿದ್ದರು, ನನ್ನ ಬರಹದಲ್ಲೂ ಆ ಮಾತಿದೆ. 'ಡೊಂಕುಬೇಲಿ ಹಾಕುತ್ತಾ ಮನೆಗೆ ಬಂದ' ಅಂದರೆ ವಿವರಣೆಯೇ ಬೇಕಿಲ್ಲ.

ಇಂಗ್ಲಿಷಿನಲ್ಲಿ 'ರೈಲ್' ಅನ್ನುವ ಈ ಸೀಳಿದ ಮರಕ್ಕೆ ನನ್ನ ಆಯ್ಕೆ ದಬ್ಬೆ. ಮಲೆನಾಡಿನಲ್ಲಿ ಅಡಿಕೆ ಮರ ಸೀಳಿದರೂ ದಬ್ಬೆ, ಬಿದಿರು ಸೀಳಿದರೂ ದಬ್ಬೆ. 1860ರ ಚುನಾವಣೆಯಲ್ಲಿ ಲಿಂಕನ್‌ಗೆ 'ರೈಲ್ ಸ್ಪ್ಲಿಟರ್' ಅಂತ ಹೆಸರು ಬಿದ್ದಿತ್ತು. ಅದನ್ನು 'ಹಳಿ ಸೀಳುವವ' ಅಂತ ಬರೆದರೆ ರೈಲುಹಳಿ ಕಣ್ಣಿಗೆ ಬರುತ್ತದೆ, 'ದಬ್ಬೆ ಸೀಳುವವ' ಅಂದರೆ ಕೆಲಸವೇ ಕಾಣುತ್ತದೆ.

ಬಯಲುಸೀಮೆಯವರು ಹೇಳಿ: ನಿಮ್ಮಲ್ಲಿ ದಬ್ಬೆ ಅಂದರೆ ಬುಟ್ಟಿ ಹೆಣೆಯುವ ತೆಳು ಬಿದಿರಪಟ್ಟಿ ಮಾತ್ರವೇ, ತೋಳು ದಪ್ಪದ ಸೀಳಿಗೂ ನಡೆಯುತ್ತದೆಯೇ? ಇಲ್ಲವಾದರೆ ಅದಕ್ಕೆ ಏನನ್ನುತ್ತೀರಿ? ಹಾಗೇ, ಗೂಟ ಹುಗಿಯದೆ ಮರ ಪೇರಿಸಿಯೇ ಮಾಡುವ ಬೇಲಿ ಯಾರ ಊರಲ್ಲಾದರೂ ಇದ್ದರೆ ಅದರ ಹೆಸರನ್ನು, ಜೊತೆಗೆ ತಾಲ್ಲೂಕನ್ನು ದಯವಿಟ್ಟು ಬರೆಯಿರಿ.