ನಮ್ಮ ಬೀದಿಗೆ ಅಪಾರ್ಟ್‌ಮೆಂಟ್ ಬರಲಿ ಅಂತ ನನಗಿದೆ. ನೆರೆಯವರಿಗೆ ಹೇಗೆ ಹೇಳಲಿ?

ಕೇಳಿದವರು, ಶಿವಮೊಗ್ಗದ ಗೋಪಾಳ ಬಡಾವಣೆಯಿಂದ: ಪಕ್ಕದ ದೊಡ್ಡ ಸೈಟಿನಲ್ಲಿ 16 ಮನೆಗಳ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಬೇಡ ಎಂದು ಬೀದಿಯವರು ಅರ್ಜಿಗೆ ಸಹಿ ಹಾಕಿಸುತ್ತಿದ್ದಾರೆ. ಕೆಲಸಕ್ಕೆ ಬಂದ ಹುಡುಗರು ಬಾಡಿಗೆ ಮನೆಗೆ ಅಲೆಯುವುದನ್ನು ದಿನಾ ನೋಡುವ ನನಗೆ ಸಹಿ ಹಾಕಲು ಮನಸ್ಸಿಲ್ಲ. ಅನುಭವ ಇದ್ದವರು ಹೇಳಿ.

ವಿನೋಬನಗರದಿಂದ: ಅಕ್ಕ, ನಾನು ಅಂಥದ್ದೇ ಅರ್ಜಿಗೆ ಸಹಿ ಹಾಕಿದವನು. ಏಳು ವರ್ಷದ ಹಿಂದೆ ನಮ್ಮ ಹಿಂದಿನ ರಸ್ತೆಗೆ 12 ಮನೆಗಳ ಕಟ್ಟಡ ಬಂತು. ಕಟ್ಟುವ ಮೊದಲೇ, ಯಾಕೆ ಬೇಡ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆವು. ಒಬ್ಬರಿಗೆ ಬೋರ್‌ವೆಲ್ ಬತ್ತುವ ಭಯ. ಇನ್ನೊಬ್ಬರಿಗೆ ಗೇಟಿನ ಮುಂದೆ ಕಾರು ನಿಲ್ಲಿಸುತ್ತಾರೆಂಬ ಚಿಂತೆ. ಎದುರು ಮನೆ ಅಜ್ಜಿಗೆ ಹಪ್ಪಳ ಒಣಗಿಸಲು ಬಿಸಿಲು ಬೀಳುವುದಿಲ್ಲ ಎಂಬ ಬೇಸರ. ಅಲ್ಲಿ ಬರುವ ಜನ ಬೇಡ ಎಂದು ಒಬ್ಬರೂ ಹೇಳಲಿಲ್ಲ. ಕಟ್ಟುವವರ ಹತ್ತಿರ ಹೋಗಿ ಕೂತೆವು. ಪಾರ್ಕಿಂಗ್ ಕೆಳಗೇ ಮಾಡಿದರು. ಅಜ್ಜಿಯ ಕಡೆ ಸ್ವಲ್ಪ ಜಾಸ್ತಿ ಜಾಗ ಬಿಟ್ಟರು.

ಆದರೆ ಒಳಚರಂಡಿ ಬಗ್ಗೆ ಯಾರೂ ಕೇಳಲಿಲ್ಲ. ಮೊದಲ ಮಳೆಗಾಲದಲ್ಲೇ ಮ್ಯಾನ್‌ಹೋಲ್ ಉಕ್ಕಿ ನಮ್ಮ ಅಂಗಳಕ್ಕೆ ಬಂತು. ರಸ್ತೆಯ ಪೈಪು ಹಳೇ ಐದಾರು ಮನೆಗಳ ಲೆಕ್ಕದ್ದು. ಅದೇ ಪೈಪಿಗೆ ತಾರಸಿಯ ಮಳೆನೀರನ್ನೂ ಬಿಟ್ಟಿದ್ದರು. ಸರಿಯಾಗಲು ಎರಡು ವರ್ಷ ಹಿಡಿಯಿತು. ನೀವು ಪೈಪಿನ ಅಳತೆ ಮತ್ತು ಮಳೆನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಇಷ್ಟಾದರೂ ನಾನು ಮತ್ತೆ ಅಂಥ ಅರ್ಜಿಗೆ ಸಹಿ ಹಾಕುವುದಿಲ್ಲ. ಅಲ್ಲಿ ಈಗ ಒಬ್ಬ ನರ್ಸ್, ಇಬ್ಬರು ಮೇಷ್ಟ್ರು ಇದ್ದಾರೆ. ಮೊದಲು ಭದ್ರಾವತಿ, ಆಯನೂರಿನಿಂದ ದಿನಾ ಬಸ್ಸಿನಲ್ಲಿ ನಿಂತು ಬರುತ್ತಿದ್ದವರು.

ಸವಳಂಗ ರಸ್ತೆ ಕಡೆಯಿಂದ: ನಮ್ಮದು ಊರಂಚಿನ ಗದ್ದೆ. ಮೂರು ಕಡೆಯೂ ಲೇಔಟ್ ಆಗಿದೆ. ಲೆಕ್ಕ ನೋಡಿ ಮಾರಾಯ್ರೆ. ಎಕರೆಗೆ 43,560 ಚದರ ಅಡಿ. ರಸ್ತೆ, ಪಾರ್ಕಿಗೆ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದರೆ 30×40ರ ಸೈಟು ಇಪ್ಪತ್ತರ ಹತ್ತಿರ. ನಿಮ್ಮ 16 ಮನೆಗಳನ್ನು ಹಾಗೆ ಸೈಟಿಗೊಂದರಂತೆ ಕಟ್ಟಿದರೆ ಮುಕ್ಕಾಲು ಎಕರೆಗೂ ಮೇಲೆ ಭತ್ತದ ಗದ್ದೆ ಹೋಗುತ್ತದೆ. ನಮ್ಮ ಪಕ್ಕದ ಲೇಔಟಿನಲ್ಲಿ ಅರ್ಧ ಸೈಟು ಖಾಲಿ, ಪಾರ್ಥೇನಿಯಂ ಬೆಳೆದಿದೆ. ನಮಗೆ ನೀರು ಬರುವ ಕಾಲುವೆಯನ್ನೂ ಮುಚ್ಚಿದರು. 2011ರ ಜನಗಣತಿಯಲ್ಲೇ ಶಿವಮೊಗ್ಗದಲ್ಲಿ 3.22 ಲಕ್ಷ ಜನ. 2023ರಲ್ಲಿ ಊರ ಹತ್ತಿರದ ಸೋಗಾನೆಗೆ ವಿಮಾನ ನಿಲ್ದಾಣವೂ ಬಂತು. ಬರುವವರು ಬಂದೇ ಬರುತ್ತಾರೆ. ಊರೊಳಗೆ ಜಾಗ ಇಲ್ಲ ಎಂದರೆ ನಮ್ಮ ಗದ್ದೆಗೇ ಬರುತ್ತಾರೆ, ಅಲ್ವಾ? ದಯವಿಟ್ಟು ಇದನ್ನು ನಿಮ್ಮ ಬೀದಿಯವರಿಗೆ ಹೇಳಿ.

ಫ್ಲ್ಯಾಟ್ ಕೊಂಡವಳು: ಜಾಗ 500 ಚದರ ಮೀಟರ್ ದಾಟಿ, ಮನೆ 8ಕ್ಕಿಂತ ಜಾಸ್ತಿ ಇದ್ದರೆ ರೇರಾದಲ್ಲಿ (ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಕಡ್ಡಾಯ. ನೋಂದಣಿ ಆಗಿದ್ದರೆ ನಕ್ಷೆ ರೇರಾ ವೆಬ್‌ಸೈಟಿನಲ್ಲೇ ಸಿಗುತ್ತದೆ. ಬೀದಿಯವರ ಸಭೆ ಕರೆದರೆ ಅದನ್ನೇ ಪ್ರಿಂಟ್ ತೆಗೆದುಕೊಂಡು ಹೋಗಿ. ಸುಮ್ನೆ ಹಬ್ಬಿದ ಮಾತು ಎಷ್ಟೋ ಕಡಿಮೆಯಾಗುತ್ತದೆ.

ತೀರ್ಥಹಳ್ಳಿಯಿಂದ: ಒಂದು ಮಾತು. ಎಲ್ಲಾ ಕಡೆಯೂ ಬರಲಿ ಎನ್ನಬೇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ನಮ್ಮ ಕಡೆ ಗುಡ್ಡ ಕಡಿದು ಕಟ್ಟಿದರೆ ಧರೆ ಕುಸಿಯುತ್ತದೆ. ನಿಮ್ಮದು ಎತ್ತರದ ಜಾಗವಾದರೆ ಧೈರ್ಯವಾಗಿ ಮಾತಾಡಿ.

ಬಾಡಿಗೆ ಮನೆಯಿಂದ: ಸಭೆಗೆ ನಿಮ್ಮ ಬೀದಿಯ ಬಾಡಿಗೆದಾರರನ್ನೂ ಕರೆಯಿರಿ ಅಕ್ಕ. ಹದಿನಾಲ್ಕು ವರ್ಷದಲ್ಲಿ ಈ ಊರಲ್ಲಿ ಐದು ಮನೆ ಬದಲಿಸಿದ್ದೇನೆ. ಇಂಥ ಸಭೆಗೆ ನನ್ನನ್ನು ಯಾರೂ ಕರೆದಿಲ್ಲ.