ಫ್ಲೇಂಜ್ ದೂರಕ್ಕೆ ‘ನಾಭಿದೂರ’ ಎನ್ನಬಹುದೇ?

ಪ್ರಶ್ನೆ: ಹಳೆಯ ಮ್ಯಾನುಯಲ್ ಫೋಕಸ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಳಸುವ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಎರಡು ಪದ ಕಾಡುತ್ತಿವೆ. ‘ಫ್ಲೇಂಜ್ ಫೋಕಲ್ ಡಿಸ್ಟೆನ್ಸ್’ ಎಂಬುದನ್ನು ‘ನಾಭಿದೂರ’ ಎಂದರೆ ಸಾಕೇ? ‘ಅಡಾಪ್ಟೆಡ್ ಲೆನ್ಸ್’ಗೆ ‘ಅಳವಡಿಸಿದ ಲೆನ್ಸ್’ ಎಂದರೆ ಸರಿಹೋದೀತೇ? ತಿಳಿದವರು ಹೇಳಬೇಕು.

ಉತ್ತರ: ನಾಭಿದೂರ ಖಂಡಿತ ಬೇಡ. ಅದು ಫೋಕಲ್ ಲೆಂತ್‌ಗೆ ಸಲ್ಲುವ ಪದ, ಲೆನ್ಸಿನ ಗುಣ. ನೀವು ಕೇಳುತ್ತಿರುವುದು ಮೌಂಟಿನ ಅಳತೆ: ಲೆನ್ಸ್ ಬಂದು ಕೂರುವ ಲೋಹದ ಮುಖದಿಂದ ಸೆನ್ಸರಿನವರೆಗೆ ಎಷ್ಟು ದೂರ ಎಂಬುದು. ಎಂ42 ಎಂಬ ಹಳೆಯ ತಿರುಪಿನ ಮೌಂಟಿನಲ್ಲಿ 28, 50, 135 ಮಿಮೀ ಲೆನ್ಸ್‌ಗಳೆಲ್ಲ ಇವೆ. ಫ್ಲೇಂಜ್ ದೂರ ಮಾತ್ರ ಎಲ್ಲಕ್ಕೂ 45.46 ಮಿಮೀ. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗ ಎಡವುವುದು ಕ್ಯಾಮೆರಾದ ಮೆನುವಿನಲ್ಲಿ. ಬಾಡಿಯೊಳಗೇ ಸ್ಟೆಬಿಲೈಸೇಶನ್ ಇದ್ದರೆ ಲೆನ್ಸಿನ ಫೋಕಲ್ ಲೆಂತ್ ಅನ್ನು ನಾವೇ ತುಂಬಬೇಕಾಗುತ್ತದೆ. ಅಲ್ಲಿ 135ರ ಬದಲು 45 ಎಂದು ತುಂಬಿದರೆ ಕೈನಡುಕಕ್ಕೆ ಸಾಕಷ್ಟು ತಿದ್ದುಪಡಿ ಸಿಗದೆ ಚಿತ್ರ ಅಲುಗಿದಂತೆ ಬರುತ್ತದೆ. (ಸೆನ್ಸರ್ ಚಿಕ್ಕದೆಂದು 1.5ರಿಂದ ಗುಣಿಸಿ ತುಂಬುವುದೂ ತಪ್ಪೇ. ಲೆನ್ಸಿನ ಮೇಲೆ ಕೆತ್ತಿರುವ ಅಂಕಿಯನ್ನೇ ಕೊಡಬೇಕು.)

‘ಫ್ಲೇಂಜ್ ದೂರ’ ಎಂದೇ ಬರೆಯಿರಿ. ಮೊದಲ ಸಲ ಬಂದಾಗ ‘ಮೌಂಟಿನಿಂದ ಸೆನ್ಸರಿಗಿರುವ ದೂರ’ ಎಂದು ಬಿಡಿಸಿ ಹೇಳಿದರಾಯಿತು. ಲೆಕ್ಕ ತೋರಿಸಿದರೆ ಪದ ತಾನಾಗಿ ತಲೆಯಲ್ಲಿ ಕೂರುತ್ತದೆ: ಸೋನಿ ಇ ಮೌಂಟಿನದು 18 ಮಿಮೀ, ಎಂ42ರದು 45.46. ಅಡಾಪ್ಟರ್ ದಪ್ಪ 27.46 ಮಿಮೀ ಇರಬೇಕು. ಕ್ಯಾನನ್‌ನದೇ ಎರಡು ಮೌಂಟುಗಳಲ್ಲಿ ಎಫ್‌ಡಿಯದು 42, ಇಎಫ್‌ನದು 44. ಎಫ್‌ಡಿ ಲೆನ್ಸಿನ 42ರಿಂದ ಇಎಫ್ ಬಾಡಿಯ 44 ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆ. ಆದ್ದರಿಂದಲೇ ಎಫ್‌ಡಿ ಲೆನ್ಸನ್ನು ಇಎಫ್ ಬಾಡಿಗೆ ಹಾಕುವ ಅಡಾಪ್ಟರಿನೊಳಗೆ ಒಂದು ಗಾಜು ಬೇಕು. ಗಾಜಿಲ್ಲದಿದ್ದರೆ ಇನ್ಫಿನಿಟಿ (ಅತಿ ದೂರದ ವಸ್ತುವಿನ ಫೋಕಸ್) ಸಿಗುವುದಿಲ್ಲ.

ಅಂದಹಾಗೆ ಈ ‘ಸಿಗುವುದಿಲ್ಲ’ ಎಂಬ ಬಳಕೆ ಒಳ್ಳೆಯದು, ‘ಅನಂತವನ್ನು ತಲುಪುವುದಿಲ್ಲ’ ಎಂದು ಅದನ್ನು ತಿದ್ದಲು ಹೋಗಬೇಡಿ. ಅಡಾಪ್ಟರ್ 0.1 ಮಿಮೀ ದಪ್ಪವಾದರೂ 50 ಮಿಮೀ ಲೆನ್ಸಿಗೆ ಸುಮಾರು 25 ಮೀಟರಿನಾಚೆ ಫೋಕಸ್ ಸಿಗದು. 28 ಮಿಮೀ ಲೆನ್ಸಿಗೆ 8 ಮೀಟರಿಗೇ ಮುಗಿಯಿತು. ಫೋಕಲ್ ಲೆಂತನ್ನು ಅದರಿಂದಲೇ ಗುಣಿಸಿ, ಹೆಚ್ಚಾದ ದಪ್ಪದಿಂದ ಭಾಗಿಸಿದರೆ ಈ ಅಂಕಿ ಬರುತ್ತದೆ. ಇದೇ ಭಯಕ್ಕೆ ಎಷ್ಟೋ ಅಡಾಪ್ಟರ್‌ಗಳನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ. ಆಗ ಇನ್ಫಿನಿಟಿ ಗುರುತಿಗೆ ಮೊದಲೇ ದೂರದ ಬೆಟ್ಟ ಸ್ಪಷ್ಟವಾಗಿ, ಫೋಕಸ್ ಬಳೆಯನ್ನು ಕೊನೆಯವರೆಗೆ ತಿರುಗಿಸಿದರೆ ಮತ್ತೆ ಮಸುಕಾಗುತ್ತದೆ. ಬಳೆಯ ಮೇಲಿನ ಮೀಟರ್ ಗುರುತುಗಳನ್ನೂ ನಂಬುವಂತಿಲ್ಲ.

‘ಅಳವಡಿಸಿದ’ ಎಂಬುದೂ ಸಾಲದು. ಕ್ಯಾಮೆರಾಕ್ಕೆ ಹಾಕಿದ ಯಾವ ಲೆನ್ಸಾದರೂ ಅಳವಡಿಸಿದ್ದೇ. ಬೇರೆ ಮೌಂಟಿನದು ಎಂಬ ಅರ್ಥ ಬರಬೇಕಾದರೆ ‘ಅಡಾಪ್ಟರ್ ಹಾಕಿದ ಲೆನ್ಸ್’ ಎನ್ನಿ, ತೊಂದರೆಯಿಲ್ಲ. ಅಡಾಪ್ಟರಿಗೆ ‘ಉಂಗುರ’ ಎನ್ನುವ ರೂಢಿಯೂ ಇದೆ. ಎಂ42ರಿಂದ ಇಎಫ್‌ಗೆ ಹಾಕುವ 1.46 ಮಿಮೀ ತೆಳುವಿನದಕ್ಕೆ ಅದು ಒಪ್ಪುತ್ತದೆ; 27 ಮಿಮೀ ಉದ್ದದ್ದು ನೋಡಲು ಕೊಳವೆ. ಕೊಳವೆ ಎಂದರೋ, ಮ್ಯಾಕ್ರೋಗೆ ಬಳಸುವ ಎಕ್ಸ್‌ಟೆನ್ಶನ್ ಟ್ಯೂಬ್ ನೆನಪಾಗುತ್ತದೆ.

ಇನ್ನೊಬ್ಬರ ಸೇರಿಕೆ: ಮೇಲಿನದಕ್ಕೆ ಒಪ್ಪಿಗೆ. ನೀವು ಕೇಳದ ಒಂದು ಮಾತು, ಕ್ರಿಯಾಪದದ ಬಗ್ಗೆ. ಆಟೋಫೋಕಸ್ ಬಂದಮೇಲೆ ‘ಫೋಕಸ್ ಆಯಿತು’, ‘ಫೋಕಸ್ ಆಗುತ್ತಿಲ್ಲ’ ಎನ್ನುವುದು ನಾಲಗೆಗೆ ಹತ್ತಿಬಿಟ್ಟಿದೆ. ಹಳೆಯ ಲೆನ್ಸಿನ ಸೂಚನೆಯಲ್ಲಿ ‘ಆಗು’ ಬಳಸಿದರೆ ಹೊಸಬರು ಶಟರ್ ಗುಂಡಿಯನ್ನು ಅರ್ಧ ಒತ್ತಿ ಕಾಯುತ್ತಾ ಕೂರುತ್ತಾರೆ. ಇಲ್ಲಿ ‘ಮಾಡು’ ಬೇಕು, ಅದೂ ಯಾವುದರಿಂದ ಎಂದು ಹೇಳಿ: ‘ಅಪರ್ಚರ್ ಪೂರ್ತಿ ತೆರೆದಿಡಿ, ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಫೋಕಸ್ ಬಳೆ ತಿರುಗಿಸಿ ಫೋಕಸ್ ಮಾಡಿ, ಆಮೇಲೆ ಅಪರ್ಚರನ್ನು 5.6ಕ್ಕೋ 8ಕ್ಕೋ ಇಳಿಸಿ.’ ಮೊದಲೇ 8ಕ್ಕೆ ಇಟ್ಟು ಪೀಕಿಂಗ್ (ಫೋಕಸ್ ಇರುವ ಅಂಚುಗಳನ್ನು ಪರದೆಯಲ್ಲಿ ಬಣ್ಣದಿಂದ ತೋರಿಸುವ ಸೌಲಭ್ಯ) ನೋಡಿದರೆ ಹಿಂದುಮುಂದಿನದೆಲ್ಲ ಕೆಂಪಾಗಿ ಮಿನುಗಿ ದಾರಿ ತಪ್ಪಿಸುತ್ತದೆ.

‘ಇಳಿಸಿ’ ಎಂಬುದರಲ್ಲೂ ಗೊಂದಲವುಂಟು: ಕೆಲವರು ಅಂಕಿ ಇಳಿಸುತ್ತಾರೆ, ಕೆಲವರು ಅಪರ್ಚರಿನ ರಂಧ್ರ ಕಿರಿದು ಮಾಡುತ್ತಾರೆ (ಅಂಕಿ ಹೆಚ್ಚಿದಷ್ಟೂ ರಂಧ್ರ ಕಿರಿದು). ‘ಕಿರಿದು ಮಾಡಿ’ ಎಂದರೆ ಎರಡು ಅರ್ಥಕ್ಕೆ ಎಡೆಯಿಲ್ಲ. ಅಪರ್ಚರ್ ಬಳೆ 8ಕ್ಕೆ ಬಂದರೂ ರಂಧ್ರ ಕಿರಿದಾಗದಿದ್ದರೆ ಎಂ42 ಲೆನ್ಸಿನ ಹಿಂದಿರುವ ಸಣ್ಣ ಪಿನ್ ನೋಡಿ. ಅದನ್ನು ಒತ್ತಿಹಿಡಿಯುವ ಒಳಅಂಚು ಅಡಾಪ್ಟರಿನಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಲೆನ್ಸಿನಲ್ಲಿ ಅಪರ್ಚರಿನ ಎ/ಎಂ (ಆಟೋ/ಮ್ಯಾನುಯಲ್) ಸ್ವಿಚ್ ಇದ್ದರೆ ಎಂ ಕಡೆಗೆ ತಳ್ಳಿ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಎಂಬುದನ್ನೂ ಆನ್ ಮಾಡಿಸಿ. ವಿದ್ಯುತ್ ಸಂಪರ್ಕವಿಲ್ಲದ ಅಡಾಪ್ಟರ್ ಮುಂದೆ ಎಂಥ ಗಾಜಿದ್ದರೂ ಕ್ಯಾಮೆರಾದ ಪಾಲಿಗೆ ಅಲ್ಲಿ ಲೆನ್ಸೇ ಇಲ್ಲ.