ಬಸ್ ಹತ್ತೋಕೆ ಇನ್ನೂ ಕೋವಿಡ್ ಲಸಿಕೆ ಸರ್ಟಿಫಿಕೇಟ್ ಕೇಳಬೇಕಾ?

ಮಡಿವಾಳ ಕೌಂಟರ್ (ಮೇ 2022)

ಎಲ್ರಿಗೂ ನಮಸ್ಕಾರ. ನಾನು ಮಡಿವಾಳದಲ್ಲಿ ಕೇರಳಕ್ಕೆ ಹೋಗೋ ಖಾಸಗಿ ಬಸ್ಸುಗಳ ಟಿಕೆಟ್ ಕೌಂಟರಲ್ಲಿ ಕೂರೋನು. ಪಾಲಕ್ಕಾಡು, ತ್ರಿಶೂರು, ಎರ್ನಾಕುಲಂ ಗಾಡಿಗಳು ನಮ್ಮವು. ಲಸಿಕೆ ಹಾಕಿಸ್ಕೊಳ್ಳಿ ಅಂತ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ ಅಂತ ಮೇ 2ನೇ ತಾರೀಕು ಸುಪ್ರೀಂ ಕೋರ್ಟ್ ಹೇಳಿದೆಯಂತೆ, ಪೇಪರಲ್ಲಿ ಓದಿದೆ. ನಮ್ಮ ಮಾಲೀಕರು ಮಾತ್ರ ಎರಡು ಡೋಸಿನ ಸರ್ಟಿಫಿಕೇಟ್ ನೋಡದೆ ಯಾರನ್ನೂ ಹತ್ತಿಸಬೇಡ ಅಂತಾನೇ ಇದ್ದಾರೆ. ನಾನು ಏನು ಮಾಡ್ಲಿ?

ಕೇಳೋಕೆ ಕಾರಣ ಇದೆ. ಹೋದ ಶುಕ್ರವಾರ ಸರ್ಜಾಪುರದ ಕಡೆಯ ಒಬ್ರು ಅಜ್ಜಿ ಬಂದ್ರು. ಮಗಳ ಬಾಣಂತನಕ್ಕೆ ಪಾಲಕ್ಕಾಡಿಗೆ ಹೊರಟಿದ್ರು. ಕಂಕುಳಲ್ಲಿ ಅಂಟಿನುಂಡೆ ಡಬ್ಬ, ಕೈಯಲ್ಲಿ ಬಟನ್ ಫೋನು. ಸರ್ಟಿಫಿಕೇಟ್ ಕೇಳಿದೆ. "ಸ್ಕೂಲಲ್ಲಿ ಎರಡೂ ಸೂಜಿ ಹಾಕಿಸ್ಕೊಂಡಿದ್ದೀನಪ್ಪಾ" ಅಂತ ರವಿಕೆ ತೋಳು ಮೇಲೆತ್ತಿ ತೋರಿಸೋಕೆ ಬಂದ್ರು. ಅಲ್ಲಿ ಬರೆಸಿದ್ದು ಮಗನ ನಂಬರಂತೆ. ಆ ಮಗ ಈಗ ದುಬೈನಲ್ಲಿ, ಹಳೇ ಸಿಮ್ ಬಂದಾಗಿದೆ. ಓಟಿಪಿ ಬರದೆ ಸರ್ಟಿಫಿಕೇಟ್ ಕೊಡೋ ಸರ್ಕಾರದ ಕೋವಿನ್ ವೆಬ್‌ಸೈಟ್ ತೆರೆಯೋದಿಲ್ಲ. ಅಷ್ಟು ಹೊತ್ತೂ ಅವರ ಹಿಂದೆ ನಿಂತಿದ್ದ ಹುಡುಗ್ರು ಮೊಬೈಲ್ ಎತ್ತಿ ತೋರಿಸಿ ಹತ್ತಿ ಹೋಗ್ತಾ ಇದ್ರು. ಅವರ ಪರದೆ ಮೇಲಿದ್ದದ್ದು ಅವರದ್ದೇ ಸರ್ಟಿಫಿಕೇಟಾ ಅಂತ ನೋಡೋಕೆ ನನಗೆ ಪುರುಸೊತ್ತು ಎಲ್ಲಿತ್ತು? ಕಡೆಗೆ ಡ್ರೈವರಣ್ಣನ ಹತ್ರ ಮಾತಾಡಿ ಅಜ್ಜೀನ ಹತ್ತಿಸಿದೆ. ಬೆಳಿಗ್ಗೆ ಮಾಲೀಕರಿಂದ ಬೈಸ್ಕೊಂಡೆ. ಇನ್ನೊಂದು ಸಲ ಅಂಥೋರು ಬಂದ್ರೂ ಹತ್ತಿಸ್ತೀನಿ.

ನಾನು ಲಸಿಕೆ ಬೇಡ ಅನ್ನೋನಲ್ಲ. ನಾನೂ ಹಾಕಿಸ್ಕೊಂಡಿದ್ದೀನಿ, ಮನೆಯೋರಿಗೆಲ್ಲ ಹಾಕಿಸಿದ್ದೀನಿ. ಒಂಬತ್ತು ತಿಂಗಳು ತುಂಬಿದ ಮೇಲೆ ಮೂರನೇದೂ ಹಾಕಿಸ್ಕೊಳ್ತೀನಿ. ನನ್ನ ಸಂಕಟ ಬೇರೆ. 2021ರ ಆಗಸ್ಟಲ್ಲಿ ಸ್ಟಾಫ್ ಇಲ್ಲದೆ ನಾನೇ ಬಸ್ಸಲ್ಲಿ ಹೋಗಿ ಬರ್ತಿದ್ದೆ. ಎರ್ನಾಕುಲಂನಿಂದ ವಾಪಸ್ ಬರೋವಾಗ ರಾತ್ರಿ ಕೇರಳ ಗಡಿಯ ವಾಳಯಾರ್‌ನಲ್ಲಿ ತಮಿಳುನಾಡಿನವರು ನಿಲ್ಲಿಸೋರು. ಎರಡು ಡೋಸ್ ಆಗಿದ್ರೆ ಸಾಕು, ಇಲ್ಲಾಂದ್ರೆ ಕೋವಿಡ್ ಟೆಸ್ಟಿನ ಆರ್‌ಟಿ-ಪಿಸಿಆರ್ ರಿಪೋರ್ಟು. ಅದೇ ಬಸ್ಸು, ಅದೇ ಜನ ಬೆಳಗಾಗೋ ಹೊತ್ತಿಗೆ ಕರ್ನಾಟಕದ ಗಡಿ ಅತ್ತಿಬೆಲೆಗೆ ಬಂದ್ರೆ ಎರಡು ಡೋಸ್ ಆಗಿದ್ರೂ ನಡೆಯೋದಿಲ್ಲ, 72 ಗಂಟೆ ಒಳಗಿನ ನೆಗೆಟಿವ್ ರಿಪೋರ್ಟೇ ಬೇಕು. ಸೇಲಂ ದಾಟಿ ಬರೋಷ್ಟರಲ್ಲಿ ಲಸಿಕೆ ಕೆಲಸ ಮಾಡೋದು ನಿಲ್ಲಿಸಿಬಿಡುತ್ತಾ ಅಂತ ಒಬ್ರು ಮೇಷ್ಟ್ರು ನನ್ನನ್ನ ಕೇಳಿದ್ರು. ನಾನೇನು ಹೇಳ್ಲಿ? ಒಂದು ದಿನ ಇಬ್ಬರು ಹುಡುಗರ ರಿಪೋರ್ಟು ಅಕ್ಕಪಕ್ಕ ಹಿಡಿದು ನೋಡಿದೆ. ಹೆಸರು ಬೇರೆ ಬೇರೆ, ಸ್ಯಾಂಪಲ್ ನಂಬರು ಒಂದೇ. ಹೆಸರಿನ ಸಾಲಲ್ಲಿ ಮಾತ್ರ ಅಕ್ಷರ ಸ್ವಲ್ಪ ದಪ್ಪ. ಕೇರಳದಲ್ಲಿ ಆಗ ಟೆಸ್ಟಿಗೆ 500 ರೂಪಾಯಿ. ನಾಲ್ಕು ಜನರ ಮನೆ ಅಂದ್ರೆ ಎರಡು ಸಾವಿರ, ಬಸ್ ಚಾರ್ಜು ಬೇರೆ. ದುಡ್ಡಿದ್ದೋರು ಟೆಸ್ಟ್ ಮಾಡಿಸೋರು, ಮೊಬೈಲಲ್ಲಿ ತಿದ್ದೋಕೆ ಬರೋರು ತಿದ್ದೋರು, ಎರಡೂ ಇಲ್ಲದೋರು ಊರಲ್ಲೇ ಉಳಿಯೋರು.

ನಾನು ಪೊಲೀಸೂ ಅಲ್ಲ, ಡಾಕ್ಟರೂ ಅಲ್ಲ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅನ್ನೋ ಜವಾಬ್ದಾರಿ ಕೊನೇಗೆ ಬಂದು ಬೀಳೋದು ಗೇಟಲ್ಲಿ ನಿಂತಿರೋ ನಮ್ಮಂಥೋರ ತಲೆ ಮೇಲೆ. ನಿಯಮ ಮಾಡೋದಾದ್ರೆ ಯಾಕೆ ಅಂತ ಹೇಳಿ, ಯಾವಾಗ ಮುಗಿಯುತ್ತೆ ಅಂತಾನೂ ಹೇಳಿ ಮಾಡಬೇಕಲ್ವಾ? ತಿಳಿದೋರು ಹೇಳಿ.

⁂

ಜೂನಿಯರ್ ವಕೀಲೆ, ಗಾಂಧಿನಗರ

ಅಣ್ಣ, ತೀರ್ಪನ್ನ ಪೇಪರಿನವರು ಒಂದೇ ಸಾಲಲ್ಲಿ ಹೇಳಿ ಮುಗಿಸಿದ್ದಾರೆ. ಅದರಲ್ಲಿ ಎರಡು ಭಾಗ ಇದೆ, ನಿಮಗೆ ಬೇಕಾದದ್ದು ಎರಡನೇದು.

ಡಾ. ಜೇಕಬ್ ಪುಲಿಯೇಲ್ ಅನ್ನೋರು ಹಾಕಿದ ಪ್ರಕರಣ ಅದು. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ. ಸಂವಿಧಾನದ 21ನೇ ವಿಧಿಯ ಪ್ರಕಾರ ತನ್ನ ದೇಹದ ಮೇಲಿನ ಹಕ್ಕು ಮನುಷ್ಯನದ್ದೇ, ಹಾಗಾಗಿ ಲಸಿಕೆ ಹಾಕಿಸಿಕೋ ಅಂತ ಬಲವಂತ ಮಾಡುವಂತಿಲ್ಲ. ಹಾಗಂತ ಸರ್ಕಾರದ ಲಸಿಕೆ ನೀತಿ ತಪ್ಪು ಅಂತ ಕೋರ್ಟ್ ಹೇಳಿಲ್ಲ. ಇದನ್ನ ಹಿಡ್ಕೊಂಡು ಲಸಿಕೆಯೇ ಕೆಟ್ಟದ್ದು ಅಂತ ವಾಟ್ಸಾಪಲ್ಲಿ ಹಂಚೋರು ತೀರ್ಪು ಓದಿಲ್ಲ. ಸಾರ್ವಜನಿಕರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅದು ಪರಿಸ್ಥಿತಿಗೆ ತಕ್ಕಷ್ಟೇ ಇರಬೇಕು ಅಂತಾನೂ ಹೇಳಿದೆ.

ಎರಡನೇ ಭಾಗ ಹೀಗಿದೆ. ಲಸಿಕೆ ಹಾಕಿಸಿಕೊಳ್ಳದವರಿಂದ ಸೋಂಕು ಹೆಚ್ಚು ಹರಡುತ್ತೆ ಅಂತ ತೋರಿಸೋ ದಾಖಲೆಯನ್ನ ಸರ್ಕಾರಗಳು ಕೋರ್ಟ್ ಮುಂದೆ ಇಡಲಿಲ್ಲ. ಆದ್ದರಿಂದ ಸೋಂಕು ಕಡಿಮೆ ಇರೋವರೆಗೆ ಅಂಥವರನ್ನ ತಡೆಯೋ ಆದೇಶಗಳನ್ನ ಎಲ್ಲರೂ ಮರುಪರಿಶೀಲಿಸಬೇಕು ಅಂದಿದೆ. "ಎಲ್ಲರೂ" ಅನ್ನೋದರಲ್ಲಿ ಖಾಸಗಿ ಸಂಸ್ಥೆಗಳ ಹೆಸರೂ ಸ್ಪಷ್ಟವಾಗಿ ಇದೆ, ನಿಮ್ಮ ಮಾಲೀಕರೂ ಅದರಲ್ಲಿ ಬರ್ತಾರೆ. ಅಲೆ ಮತ್ತೆ ಎದ್ದರೆ ಸರ್ಕಾರ ಹೊಸದಾಗಿ ಆದೇಶ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ.

⁂

ನಗರ ಪಿಎಚ್‌ಸಿ ಸಿಸ್ಟರ್

ಅಣ್ಣ, ಅಜ್ಜೀನ ಹತ್ತಿಸಿದ್ದು ಒಳ್ಳೇದಾಯ್ತು. ಫೋನ್ ಇಲ್ಲದೋರ ಹೆಸರಿಗೆ ಮಕ್ಕಳದ್ದೋ ಪಕ್ಕದ ಮನೆಯೋರದ್ದೋ ನಂಬರು ಹಾಕದೆ ನಮಗೆ ಬೇರೆ ದಾರಿ ಇರಲಿಲ್ಲ. ಒಂದು ನಂಬರಿಗೆ ನಾಲ್ಕೇ ಜನ. ಆರು ಜನಕ್ಕೆ ಏರಿಸಿದ್ದು ಈ ಜನವರಿಯಲ್ಲಿ.

ಆದರೆ ನಿಯಮಗಳೆಲ್ಲ ಸುಮ್ಮನೆ ಮಾಡಿದ್ದು ಅನ್ನೋ ಮಾತು ಬಂದ್ರೆ ನಾನು ಒಪ್ಪೋದಿಲ್ಲ. 2021ರ ಮೇ 5ನೇ ತಾರೀಕು ಬೆಂಗಳೂರು ಒಂದರಲ್ಲೇ 23,106 ಕೇಸು. ಆ ವಾರ ನಮ್ಮ ಸೆಂಟರಿನ ಮುಂದೆ ಆಟೋದಲ್ಲಿ ಕೂತಿದ್ದೋರನ್ನ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗದೆ ನಾವು ಬೆಡ್ ಹಂಚೋ ವಾರ್ ರೂಮಿಗೆ ಫೋನ್ ಮಾಡ್ತಾ ನಿಂತಿದ್ವಿ, ಫೋನ್ ಎತ್ತೋರಿಲ್ಲ. ಅದನ್ನ ನೋಡಿದ ಮೇಲೆ ಆಗಸ್ಟಲ್ಲಿ ಓಣಂ ಮುಗಿದು ಕೇರಳದಲ್ಲಿ ದಿನಕ್ಕೆ 31 ಸಾವಿರ ದಾಟಿತು ಅಂದಾಗ ಯಾರಿಗೆ ತಾನೇ ಹೆದರಿಕೆ ಆಗೋದಿಲ್ಲ?

ಇನ್ನೊಂದು ವಿಷಯ ಜನ ಮರೀತಾರೆ. ಆಗ ಎರಡು ಡೋಸ್ ಆದೋರು ಎಷ್ಟು ಜನ ಇದ್ರು? ಮೇ 13ಕ್ಕೆ ಕೋವಿಶೀಲ್ಡ್ ಲಸಿಕೆಯ ಎರಡು ಡೋಸಿನ ನಡುವಿನ ಅಂತರಾನ 12ರಿಂದ 16 ವಾರಕ್ಕೆ ಏರಿಸಿದ್ರು. 84 ದಿನ ಆಗದೆ ಕೋವಿನ್ ಎರಡನೇ ಡೋಸ್ ತಗೊಳ್ತಾನೇ ಇರಲಿಲ್ಲ. ಬೆಳಿಗ್ಗೆ ಐದಕ್ಕೇ ಬಂದು ಸಾಲಲ್ಲಿ ನಿಂತೋರಿಗೆ ಇವತ್ತು ಸ್ಟಾಕ್ ಇಲ್ಲ ಅಂತ ಹೇಳಿ ಕಳಿಸೋದು ನನ್ನ ಕೆಲಸ ಆಗಿತ್ತು. ಮಳೆಗಾಲ ಕಳೆದ ಮೇಲೆ ತಿರುಗಾಮುರುಗಾ ಆಯ್ತು. ಒಂದು ವಯಲ್‌ನಲ್ಲಿ ಹತ್ತು ಡೋಸು, ತೆರೆದ ಮೇಲೆ ನಾಲ್ಕು ಗಂಟೇಲಿ ಮುಗಿಸಬೇಕು. ಏಳು ಜನ ಕೂತಿದ್ದಾರೆ, ಇನ್ನು ಮೂರು ಜನ ಬರಲಿ ಅಂತ ಆಶಾ ಕಾರ್ಯಕರ್ತೆ ಅಕ್ಕ ಬೀದಿಗೆ ಹೋಗಿ ಕರ್ಕೊಂಡು ಬರೋರು. ಡಿಸೆಂಬರಲ್ಲಿ ಮಾಲು, ಥಿಯೇಟರಿಗೆ ಎರಡು ಡೋಸ್ ಕಡ್ಡಾಯ ಅಂದ ಮೇಲೆ ಕರೆಯದೇನೇ ಬಂದೋರನ್ನ ನಾನು ಕಣ್ಣಾರೆ ಕಂಡಿದ್ದೀನಿ. ಆ ನಿಯಮದಿಂದ ಒಂದಷ್ಟು ಜೀವ ಉಳಿದಿದೆ ಅಂತಾನೇ ನನ್ನ ನಂಬಿಕೆ.

ಈಗಿನ ಮಾತು ಬೇರೆ. ಓಮಿಕ್ರಾನ್ ಬಂದಾಗ ಎರಡು ಡೋಸ್ ಆದ ನಮ್ಮ ಸ್ಟಾಫೇ ಒಬ್ಬರ ಹಿಂದೆ ಒಬ್ಬರು ಮಲಗಿದ್ರು. ಯಾರೂ ಆಸ್ಪತ್ರೆ ಸೇರಲಿಲ್ಲ, ಅದು ಲಸಿಕೆಯ ಪುಣ್ಯ. ಆದರೆ ಸರ್ಟಿಫಿಕೇಟ್ ಇದ್ದೋರಿಂದ ಪಕ್ಕದ ಸೀಟಿನೋರಿಗೆ ಅಂಟೋದಿಲ್ಲ ಅಂತ ಈಗ ಹೇಳೋಕಾಗಲ್ಲ. ನಿಮ್ಮ ಎಸಿ ಸ್ಲೀಪರಲ್ಲಿ ರಾತ್ರಿಯೆಲ್ಲ ಕೆಮ್ಮೋರು ಹತ್ತದ ಹಾಗೆ ನೋಡ್ಕೊಳ್ಳಿ. ಏಪ್ರಿಲ್ ಕೊನೇಲಿ ಮಾಸ್ಕ್ ಮತ್ತೆ ಕಡ್ಡಾಯ ಮಾಡಿದ್ದಾರೆ. ದಂಡ ಇಲ್ಲ ಅಂತ ಬಿಡಬೇಡಿ, ಅದನ್ನ ಕೇಳಿ.

⁂

ಮಂಜೇಶ್ವರದವ, ಈಗ ಯಶವಂತಪುರ

ಅತ್ತಿಬೆಲೆ ಕತೆ ಓದಿ ಕೇರಳ-ಕರ್ನಾಟಕ ಗಡಿಯ ನಮ್ಮ ತಲಪಾಡಿ ನೆನಪಾಯಿತು. ನಮ್ಮ ಮನೆ ಕೇರಳದಲ್ಲಿ, ಮಾತು ಕನ್ನಡ ತುಳು, ಆಸ್ಪತ್ರೆ ಕಾಲೇಜು ಎಲ್ಲ ಮಂಗಳೂರು. 2020ರ ಮಾರ್ಚಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿಗೆ ದಾಟಲಿಕ್ಕಾಗದೆ ಜೀವ ಬಿಟ್ಟ ರೋಗಿಗಳಿದ್ದಾರೆ ಮಾರಾಯ್ರೇ. ಕೇರಳ ಹೈಕೋರ್ಟ್ ಹೇಳಬೇಕಾಯಿತು, ಸುಪ್ರೀಂ ಕೋರ್ಟಿಗೂ ಹೋಯಿತು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಕ್ರಮ ಒಂದು ಒಪ್ಪಂದಕ್ಕೆ ಬಂತು. ಅಷ್ಟರೊಳಗೆ ಹೋದವರು ಹೋದರು.

ಮರುವರ್ಷ ಆಗಸ್ಟಿನಲ್ಲಿ ಪುನಃ ಅದೇ ಗಡಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರಿಗೂ ಟೆಸ್ಟು. ಕೊನೆಗೆ ವಿದ್ಯಾರ್ಥಿಗಳಿಗೆ, ನೌಕರರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ ಅಂತಲೂ ಬಂತು. ನನ್ನ ತಂಗಿ ನರ್ಸಿಂಗ್ ಓದುವವಳು, ಹಬ್ಬಕ್ಕೆ ಮನೆಗೆ ಬಂದವಳು ಹಾಸ್ಟೆಲಿನ ಒಂದು ಕೋಣೆಯಲ್ಲಿ ಕೂತಳು. ಸಿಸ್ಟರ್ ಹೇಳುವ ಭಯ ನನಗೆ ಅರ್ಥ ಆಗ್ತದೆ. ಆದರೆ ಗಡಿ ಅನ್ನುವುದು ನಕ್ಷೆಯಲ್ಲಿ ಮಾತ್ರ ಉಂಟು, ನಮ್ಮ ಹಾಲು, ಮೀನು, ಮದುವೆ, ಡಯಾಲಿಸಿಸ್ ಎಲ್ಲ ಅದನ್ನು ದಿನಾ ದಾಟುವಂಥದ್ದು. ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರು ಒಂದು ದಿನ ಬೆಳಿಗ್ಗೆ ಎಂಟಕ್ಕೆ ತಲಪಾಡಿಯಲ್ಲಿ ನಿಂತು ನೋಡಿದ್ದರೆ ಆ ಆದೇಶ ಹಾಗೆ ಇರುತ್ತಿರಲಿಲ್ಲ.

ಈ ಫೆಬ್ರವರಿಯಲ್ಲಿ ಟೆಸ್ಟು ಬೇಡ, ಸರ್ಟಿಫಿಕೇಟ್ ಸಾಕು ಅಂದರು. ಆಗಸ್ಟಿನಲ್ಲಿ ಯಾಕೆ ಸಾಕಾಗಲಿಲ್ಲ ಅಂತ ಯಾರೂ ಬಿಡಿಸಿ ಹೇಳಲಿಲ್ಲ.

⁂

ಯಲಹಂಕ ನಿವಾಸಿ

ನಮ್ಮ ತಂದೆಯವರು 2021ರ ಮೇನಲ್ಲಿ ತೀರಿಕೊಂಡರು. ಮೊದಲ ಡೋಸ್ ಮಾತ್ರ ಆಗಿತ್ತು. ಎರಡನೇ ಡೋಸಿಗೆ ದಿನ ಎಣಿಸುತ್ತಿದ್ದರು. ಲಸಿಕೆ ಸಿಕ್ಕಿದ್ದರೂ ಹಾಕಿಸಿಕೊಳ್ಳದವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೌಂಟರಿನವರೇ, ನಿಮ್ಮ ಮಾಲೀಕರಿಗೆ ಒಂದು ಮಾತು ಹೇಳಿ. ಜ್ವರ ಬಂದವರು ಟಿಕೆಟ್ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡಲಿ. ಸಾವಿರ ರೂಪಾಯಿ ಹೋಗುತ್ತದಲ್ಲ ಅಂತ ಪ್ಯಾರಸಿಟಮಾಲ್ ನುಂಗಿ ಬಸ್ ಹತ್ತುವವರೇ ಹೆಚ್ಚು. ಅವರ ಹತ್ತಿರ ಸರ್ಟಿಫಿಕೇಟ್ ಇದ್ದೇ ಇರುತ್ತದೆ.

⁂

ಮಡಿವಾಳ ಕೌಂಟರ್

ಯಲಹಂಕದವರೇ, ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯ್ತು. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಹೊರಡೋಕೆ ನಾಲ್ಕು ಗಂಟೆ ಒಳಗೆ ರದ್ದು ಮಾಡಿದ್ರೆ ನಮ್ಮಲ್ಲಿ ಒಂದು ಪೈಸೆ ವಾಪಸ್ ಇಲ್ಲ. ಜ್ವರ ಬಂದಿದೆ ಅಂತ ಫೋನ್ ಮಾಡಿದೋರೇ ಅದನ್ನ ಕೇಳಿದ ಮೇಲೆ ಮಾಸ್ಕ್ ಹಾಕ್ಕೊಂಡು ಬಂದು ಹತ್ತಿರೋದನ್ನ ನೋಡಿದ್ದೀನಿ.

ಸಿಸ್ಟರ್, ಇವತ್ತಿಂದ ಮಾಸ್ಕ್ ಡಬ್ಬ ಕೌಂಟರಲ್ಲೇ ಇಟ್ಟಿದ್ದೀನಿ, ಇಲ್ಲದೋರಿಗೆ ಕೊಡ್ತೀನಿ. ಮಾಲೀಕರ ಹತ್ರ ಎರಡೂ ಮಾತಾಡಿದೆ. ಜ್ವರದ ರೀಫಂಡಿಗೆ ಡಾಕ್ಟರ್ ಚೀಟಿ ತಂದ್ರೆ ಅರ್ಧ ಕೊಡೋಣ ಅಂತ ಬಂದಿದ್ದಾರೆ, ಪೂರ್ತಿಗೆ ಇನ್ನೂ ಕೇಳ್ತಾ ಇದ್ದೀನಿ. ಸರ್ಟಿಫಿಕೇಟ್ ವಿಷಯಕ್ಕೆ, ಕೋರ್ಟ್ ಹೇಳಿದ್ದು ಬರಹದಲ್ಲಿ ತೋರಿಸು ಅಂದ್ರು. ವಕೀಲ ಮೇಡಂ, ಖಾಸಗಿ ಸಂಸ್ಥೆ ಅಂತ ಇರೋ ಆ ಪುಟ ಒಂದನ್ನ ಗುರುತು ಮಾಡಿ ಕಳಿಸ್ತೀರಾ? ಇಂಗ್ಲಿಷಲ್ಲಿದ್ರೂ ಪರವಾಗಿಲ್ಲ, ಅವರ ಮಗ ಓದಿ ಹೇಳ್ತಾನೆ.

⁂

ಜೂನಿಯರ್ ವಕೀಲೆ, ಗಾಂಧಿನಗರ

ಕಳಿಸ್ತೀನಣ್ಣ. ಕೊನೆಯಲ್ಲಿ ತೀರ್ಮಾನಗಳನ್ನ ಒಟ್ಟಿಗೆ ಕೊಟ್ಟಿದ್ದಾರೆ, ಅದಷ್ಟನ್ನೇ ಪ್ರಿಂಟ್ ತೆಗೆಸಿ. ಕನ್ನಡದಲ್ಲಿ ನಾಲ್ಕು ಸಾಲು ನಾನೇ ಬರೆದು ಜೊತೆಗೆ ಇಡ್ತೀನಿ, ಕೌಂಟರ್ ಗಾಜಿಗೆ ಅಂಟಿಸಬಹುದು.